ಗುರುವಿನ ಹುಟ್ಟುಹಬ್ಬಕ್ಕೆ ಮುನ್ನೂರು ಟ್ಯೂಬಾ

1974ನೆಯ ಇಸವಿ. ನ್ಯೂಯಾರ್ಕ್ ನಗರದ ನಡುಮಧ್ಯೆ ಮುಗಿಲಿಗೆ ಮುಖಮಾಡಿ ನಿಂತಿರುವ ರಾಕ್‌ಫೆಲರ್ ಸೆಂಟರಿನ ಕಾರ್ಯಾಲಯಕ್ಕೆ ಒಂದು ದಿನ ಟೆಲಿಫೋನ್ ಕರೆ ಬಂದಿತು. ಕರೆದವರು ಹಾರ್ವಿ ಫಿಲಿಪ್ಸ್ ಎಂಬ ಸಂಗೀತ ಪ್ರಾಧ್ಯಾಪಕರು. ಕ್ರಿಸ್ಮಸ್ ಹಬ್ಬಕ್ಕೆ ಮುನ್ನ ಅಲ್ಲಿನ ಮಂಜುಗಡ್ಡೆಯ ಜಾರಾಟದ ಅಂಗಳವನ್ನು ಒಂದು ಹೊತ್ತು ತಮಗೆ ಬಿಟ್ಟುಕೊಡಬೇಕು, ನಾನೂರು ಟ್ಯೂಬಾಗಳನ್ನು ಕಲೆಹಾಕಿ ಹಬ್ಬದ ಹಾಡುಗಳನ್ನು ನುಡಿಸಬೇಕೆಂದಿದೆ, ಎಂದು ಅವರು ಕೇಳಿದರು. ಆ ತುದಿಯಲ್ಲಿದ್ದ ಅಧಿಕಾರಿಯಿಂದ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ಆತನನ್ನು ಆಕ್ಷೇಪಿಸುವಂತಿಲ್ಲ. ಯಾರೋ ಅಪರಿಚಿತರು ನಮ್ಮ ಟೌನ್‌ಹಾಲಿಗೆ ಟೆಲಿಫೋನ್ ಮಾಡಿ, ಗೋಕುಲಾಷ್ಟಮಿಯ ದಿನ ನಾನೂರು ಡೋಲುಗಳ ಕಛೇರಿ ಇಟ್ಟುಕೊಂಡಿದ್ದೇವೆ, ಪಿಟೀಲು, ಕೊಳಲು ಒಂದೂ ಇರುವುದಿಲ್ಲ ಎಂದರೆ, ಅಲ್ಲಿಯ ಗುಮಾಸ್ತರು ಏನೆಂದುಕೊಂಡಾರು? ಕರೆದವರ ಬುದ್ಧಿ ಸ್ವಸ್ಥವಾಗಿದೆಯೇ ಎಂದು ಒಂದು ಕ್ಷಣ ಶಂಕಿಸುವುದು ಸಹಜವೇ.

ಫಿಲಿಪ್ಸ್ ವಾದ ಹೂಡಲಿಲ್ಲ. ತಮ್ಮ ಸ್ನೇಹಿತರು ಕೆಲವರ ಟೆಲಿಫೋನ್ ನಂಬರುಗಳನ್ನು ಕೊಟ್ಟು, ತಮ್ಮ ವಿಚಾರವಾಗಿ ಅವರನ್ನು ಕೇಳಬಹುದೆಂದು ಹೇಳಿ ಸುಮ್ಮನಾದರು. ಆ ಸ್ನೇಹಿತರಾದರೋ ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ, ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲಾದ ಜಗದ್ವಿಖ್ಯಾತ ವಾದ್ಯವೃಂದ ನಿರ್ದೇಶಕರು! ಡೈರೆಕ್ಟರಿಯಲ್ಲಿ ಸಿಕ್ಕದ ಅವರ ಖಾಸಗಿ ನಂಬರುಗಳು ಅವು. ಒಂದು ಗಂಟೆ ಕಳೆಯುವುದರೊಳಗೆ ಅಧಿಕಾರಿಯಿಂದ ಉತ್ತರ ಬಂದಿತು: ತಮ್ಮ ಸ್ನೇಹಿತರೊಡನೆ ಮಾತನಾಡಿದ್ದಾಯಿತು, ತಮಗೆ ಏನು ಬೇಕಾದರೂ ಕೇಳಬಹುದು. ಈ ಪ್ರಸಂಗವನ್ನು ಫಿಲಿಪ್ಸ್ ಅವರೇ ಮುಂದೆ ಹಲವು ಬಾರಿ ನಗುನಗುತ್ತ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲ ಸಾಹಸ ಯಾರಿಗಾಗಿ? ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದ ತಮ್ಮ ಗುರುವಿಗಾಗಿ. ಆ ಗುರುವಿನ ಹೆಸರು ವಿಲಿಯಂ ಬೆಲ್. ಅವರು ಹುಟ್ಟಿದ್ದು 1902ನೆಯ ಇಸವಿಯ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ.

ಹಿಂದಿನ ಸಾಲಿನ ಮನುಷ್ಯ

ಟ್ಯೂಬಾ ಎಂಬ ಹೆಸರನ್ನು ಕೇಳದವರೂ ಅದನ್ನೋ ಅದರ ಬಂಧುಗಳನ್ನೋ ನೋಡಿರುವುದುಂಟು. ಪೊಲೀಸ್ ಬ್ಯಾಂಡು ಬೀದಿಯಲ್ಲಿ ಸಾಗುವಾಗ ಹಿಂದಿನ ಸಾಲುಗಳಲ್ಲಿ ಒಬ್ಬಿಬ್ಬರು ದೃಢಕಾಯರು ಹಿತ್ತಾಳೆಯ ಭಾರಿ ವಾದ್ಯಗಳನ್ನು ಹೊತ್ತು ಬರುತ್ತಾರಲ್ಲ, ಆ ಜಾತಿ ಇದು. ಸುರುಳಿ ಸುರುಳಿಯಾದ ಕೊಳವೆ. ತುದಿಯಲ್ಲಿ ಕಡಾಯಿಯಷ್ಟು ಅಗಲವಾದ ಬಾಯಿ. ಬಾಲ್ಯದಲ್ಲಿ ದಸರಾ ಮೆರವಣಿಗೆಯನ್ನು ನೋಡುತ್ತ, ಆ ಬಾಯಿಯೊಳಗೆ ಪಾರಿವಾಳ ಹೊಕ್ಕರೆ ಹೊರಗೆ ಬಂದೀತೇ ಎಂದು ನಾವು ಹುಡುಗರು ಚರ್ಚಿಸಿದ್ದು ನೆನಪಿಗೆ ಬರುತ್ತದೆ. ಅದರ ನಾದವನ್ನು ಕಿವಿಗೊಟ್ಟು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಟ್ಯೂಬಾದ ದುರದೃಷ್ಟವೇ ಅದು. ಎಲ್ಲರೂ ನೋಡುತ್ತಾರೆ, ಕೇಳುವವರಿಲ್ಲ. ಪಿಟೀಲು ನಾನೂರು ವರ್ಷಗಳ ಮನೆತನದ ವಾದ್ಯ. ಟ್ಯೂಬಾ ನಿನ್ನೆ ಮೊನ್ನೆ ಹುಟ್ಟಿದ ಕೂಸು. 1835ರಲ್ಲಿ ಬರ್ಲಿನ್ ನಗರದಲ್ಲಿ ವೀಪ್ರೆಖ್ತ್ ಎಂಬ ಸೈನ್ಯದ ಬ್ಯಾಂಡ್ ಮುಖ್ಯಸ್ಥರೂ ಮೋರಿಟ್ಸ್ ಎಂಬ ವಾದ್ಯ ತಯಾರಕರೂ ಕೂಡಿ ಇದಕ್ಕೆ ಹಕ್ಕುಪತ್ರ ಪಡೆದರು. ಮಂದ್ರಸ್ಥಾಯಿಯಲ್ಲಿ ಗಂಭೀರವಾಗಿ ನುಡಿಯಬಲ್ಲ ಹಿತ್ತಾಳೆಯ ವಾದ್ಯವೊಂದು ಸೈನ್ಯದ ಬ್ಯಾಂಡಿಗೆ ಬೇಕಾಗಿದ್ದಿತು. ಕೊಳವೆ ಉದ್ದವಾದಷ್ಟೂ ಸ್ವರ ಕೆಳಗಿಳಿಯುವುದು ಪ್ರಕೃತಿನಿಯಮ. ಆದುದರಿಂದ ದೊಡ್ಡ ಟ್ಯೂಬಾದ ಸುರುಳಿಯನ್ನು ಬಿಡಿಸಿದರೆ ಹದಿನಾರರಿಂದ ಹದಿನೆಂಟು ಅಡಿಯವರೆಗೂ ಉದ್ದ ಬರುತ್ತದೆ. ಅದರ ಅತಿ ಕೆಳಗಿನ ಸ್ವರಗಳಲ್ಲಿ ಗಾಳಿಯು ಸೆಕೆಂಡಿಗೆ ಐವತ್ತು ಬಾರಿಯೂ ಕಂಪಿಸುವುದಿಲ್ಲ. ಕಿವಿಗಿಂತ ಮೊದಲು ಎದೆಗೆ ಕೇಳಿಸುವ ನಾದವದು.

ಸಿಂಫನಿ ವಾದ್ಯವೃಂದದಲ್ಲಿ ಪಿಟೀಲುಗಳು ಮೂವತ್ತಿದ್ದರೆ ಟ್ಯೂಬಾ ಸಾಮಾನ್ಯವಾಗಿ ಒಂದೇ. ಆ ಒಂದಕ್ಕೂ ಕೈತುಂಬ ಕೆಲಸವಿರುವುದಿಲ್ಲ. ಡ್ವೊರ್ಝಾಕ್ ರಚಿಸಿದ ಹೊಸ ಪ್ರಪಂಚದ ಸಿಂಫನಿ ಸುಮಾರು ಮುಕ್ಕಾಲು ಗಂಟೆಯ ಕೃತಿ. ಅದರಲ್ಲಿ ಟ್ಯೂಬಾ ವಾದಕನು ಬಾಯಿ ಹಚ್ಚುವುದು ಎರಡನೆಯ ಭಾಗದಲ್ಲಿ ಮಾತ್ರ, ನುಡಿಸುವ ಸ್ವರಗಳ ಎಣಿಕೆ ಹದಿನೈದನ್ನೂ ಮುಟ್ಟುವುದಿಲ್ಲ. ಉಳಿದ ಹೊತ್ತೆಲ್ಲ ಮಾತ್ರೆಗಳನ್ನು ಎಣಿಸುತ್ತ, ವಾದ್ಯವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಿರಬೇಕು. ಆದರೆ ಆ ಹದಿನಾಲ್ಕರಲ್ಲಿ ಒಂದು ಸ್ವರ ಒಡೆದರೂ ಸಭೆಯೆಲ್ಲ ತಿರುಗಿ ನೋಡುತ್ತದೆ. ಇಂತಹ ಉದ್ಯೋಗದಲ್ಲಿ ನಲವತ್ತು ವರ್ಷ ನಿಷ್ಠೆಯಿಂದ ದುಡಿಯುವುದಕ್ಕೆ ಎಂತಹ ಮನೋಧರ್ಮ ಬೇಕು!

ವಿಲಿಯಂ ಬೆಲ್ ಅವರಿಗೆ ಆ ಮನೋಧರ್ಮವಿದ್ದಿತು. ಅಯೋವಾ ಪ್ರಾಂತದಲ್ಲಿ ಹುಟ್ಟಿದ ಅವರು 1921ರಲ್ಲಿ, ಹತ್ತೊಂಬತ್ತು ತುಂಬುವುದಕ್ಕೂ ಮೊದಲೇ, ಕವಾಯತು ಸಂಗೀತದ ಸಮ್ರಾಟರೆನಿಸಿದ್ದ ಜಾನ್ ಫಿಲಿಪ್ ಸೂಸಾ ಅವರ ಬ್ಯಾಂಡಿಗೆ ಸೇರಿದರು. ಇಂದಿಗೂ ಮೆರವಣಿಗೆಗಳಲ್ಲಿ ಕಾಣುವ, ಮೈಗೆ ಸುತ್ತಿಕೊಂಡು ನಡೆಯುವ ಸೂಸಾಫೋನ್ ಎಂಬ ವಾದ್ಯಕ್ಕೆ ಹೆಸರು ಬಂದದ್ದು ಇದೇ ಸೂಸಾ ಅವರಿಂದ. ಅವರ ಬಯಕೆಯಂತೆ ಮೊದಮೊದಲು ತಯಾರಾದ ಸೂಸಾಫೋನುಗಳ ಬಾಯಿ ಆಕಾಶಕ್ಕೆ ತೆರೆದುಕೊಂಡಿತ್ತಂತೆ. ವಾದಕರು ಅದಕ್ಕೆ ‘ಮಳೆ ಹಿಡಿಯುವ ಪಾತ್ರೆ’ ಎಂದು ಅಡ್ಡಹೆಸರಿಟ್ಟಿದ್ದರು.

ಸೂಸಾ ಅವರ ಬ್ಯಾಂಡಿನಿಂದ ಬೆಲ್ ಅವರು 1924ರಲ್ಲಿ ಸಿನ್‌ಸಿನಾಟಿಯ ಸಿಂಫನಿ ವೃಂದಕ್ಕೆ ಹೋದರು. 1937ರಲ್ಲಿ ಇಟಲಿಯ ಮಹಾನಿರ್ದೇಶಕ ಟೊಸ್ಕನೀನಿ ಅವರಿಗಾಗಿ ಅಮೆರಿಕದ ಎನ್.ಬಿ.ಸಿ. ರೇಡಿಯೋ ಸಂಸ್ಥೆಯು ಹೊಸ ವಾದ್ಯವೃಂದವೊಂದನ್ನು ಕಟ್ಟಿದಾಗ ಅದರ ಟ್ಯೂಬಾ ಸ್ಥಾನ ಬೆಲ್ ಅವರ ಪಾಲಿಗೆ ಬಂದಿತು. ಇಲ್ಲೊಂದು ವಿನೋದವನ್ನು ಹೇಳದೆ ಮುಂದೆ ಸಾಗಲಾರೆ. ಆ ವೃಂದದೊಡನೆ ಟೊಸ್ಕನೀನಿ ಅವರ ಮೊಟ್ಟಮೊದಲ ಪ್ರಸಾರ ನಡೆದದ್ದು 1937ರ ಡಿಸೆಂಬರ್ 25ರ ರಾತ್ರಿ. ಅಂದರೆ ಬೆಲ್ ಅವರ ಮೂವತ್ತೈದನೆಯ ಹುಟ್ಟುಹಬ್ಬದಂದು. ದೇಶಕ್ಕೆ ದೇಶವೇ ರೇಡಿಯೋ ಮುಂದೆ ಕುಳಿತಿದ್ದ ಆ ರಾತ್ರಿ ನುಡಿಸಿದ ಕೃತಿಗಳು ಮೂರು: ವಿವಾಲ್ಡಿಯದೊಂದು, ಮೊಜಾರ್ಟನ ನಲವತ್ತನೆಯ ಸಿಂಫನಿ, ಬ್ರಾಮ್ಸನ ಮೊದಲನೆಯ ಸಿಂಫನಿ. ಈ ಮೂರರಲ್ಲಿ ಒಂದರಲ್ಲಿಯೂ ಟ್ಯೂಬಾಕ್ಕೆ ಒಂದೇ ಒಂದು ಸ್ವರವಿಲ್ಲ!

1943ರಲ್ಲಿ ಅವರು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವೃಂದಕ್ಕೆ ಬಂದರು. 1961ರವರೆಗೆ, ಹದಿನೆಂಟು ವರ್ಷ, ಅಲ್ಲಿಯೇ ಇದ್ದರು. ಈ ನಡುವೆ ಸಾವಧಾನವಾಗಿ ಅವರು ಇನ್ನೊಂದು ಕೆಲಸವನ್ನು ಕೈಗೆತ್ತಿಕೊಂಡಿದ್ದರು. ಟ್ಯೂಬಾ ಬರಿಯ ತಾಳಕ್ಕೆ ಹೂಂಗುಟ್ಟುವ ವಾದ್ಯವಲ್ಲ, ಅದು ಹಾಡಬಲ್ಲದು ಎಂಬುದನ್ನು ಲೋಕಕ್ಕೆ ತೋರಿಸುವುದೇ ಆ ಕೆಲಸ. ಏಕವಾದ್ಯವಾಗಿ ಟ್ಯೂಬಾ ನುಡಿಸಿದರು. ಟ್ಯೂಬಾವೇ ನಾಯಕನಾದ ಗ್ರಾಮಫೋನ್ ರೆಕಾರ್ಡನ್ನು ಹೊರತಂದರು. ಟ್ಯೂಬಾ ಕಲಿಯುವವರಿಗೆ ಪಾಠಪುಸ್ತಕಗಳೇ ವಿರಳವಾಗಿದ್ದ ಕಾಲದಲ್ಲಿ ಪಾಠಕ್ರಮವೊಂದನ್ನು ಬರೆದರು. ಕಾರ್ನೆಟ್ ವಾದಕರಿಗೆ ವೇದಪ್ರಾಯವಾದ, ಪ್ಯಾರಿಸಿನ ಆರ್ಬಾನ್ ಬರೆದ ಅಭ್ಯಾಸಗ್ರಂಥವನ್ನು ಟ್ಯೂಬಾಕ್ಕೆ ಒಗ್ಗಿಸಿದರು. ಸಣ್ಣ ಕಾರ್ನೆಟ್ಟಿನ ಮೇಲೆ ಚಿಮ್ಮುವ ಸ್ವರಾವಳಿಯನ್ನು ಹದಿನಾರು ಅಡಿ ಕೊಳವೆಯಲ್ಲಿ ಊದಿಸುವುದೆಂದರೆ ಆನೆಗೆ ಅಳಿಲಿನ ಓಟ ಕಲಿಸಿದಂತೆ. ಅವರ ಶಿಷ್ಯರು ಕಲಿತರು.

ಸರ್ಕಸ್ಸಿನಿಂದ ಗುರುಕುಲಕ್ಕೆ

ಶಿಷ್ಯರಲ್ಲಿ ಮುಖ್ಯರು ಹಾರ್ವಿ ಫಿಲಿಪ್ಸ್. ಇವರ ಕತೆಯೂ ಒಂದು ಧಾರಾವಾಹಿಗೆ ಸಾಕಾಗುವಷ್ಟಿದೆ. 1929ರಲ್ಲಿ ಮಿಸೌರಿ ಪ್ರಾಂತದ ಬಡ ರೈತ ಕುಟುಂಬದಲ್ಲಿ ಹತ್ತು ಮಕ್ಕಳಲ್ಲಿ ಕಡೆಯವರಾಗಿ ಹುಟ್ಟಿದರು. ಶಾಲೆಯ ಬ್ಯಾಂಡಿನಲ್ಲಿ ಸೂಸಾಫೋನ್ ಹಿಡಿದ ಹುಡುಗ ಓದು ಮುಗಿಯುತ್ತಲೇ ಸರ್ಕಸ್ ಸೇರಿದ. ಸರ್ಕಸ್ ಬ್ಯಾಂಡೆಂದರೆ ಸುಲಭದ ಕೆಲಸವಲ್ಲ. ಕುದುರೆಯ ಹೆಜ್ಜೆ ತಪ್ಪಿದರೆ ಸಂಗೀತವೂ ಅದರೊಡನೆ ತಿರುಗಬೇಕು. ಮೇಲೆ ತೂಗಾಡುವವನು ಒಂದು ಕ್ಷಣ ತಡೆದರೆ ತಾಳವೂ ತಡೆಯಬೇಕು. ರಿಂಗ್ಲಿಂಗ್ ಸಹೋದರರ ಪ್ರಖ್ಯಾತ ಸರ್ಕಸ್ಸಿನಲ್ಲಿ ಮರ್ಲ್ ಇವಾನ್ಸ್ ಎಂಬ ಬ್ಯಾಂಡ್ ನಾಯಕರ ಕೈಕೆಳಗೆ ಈ ವಿದ್ಯೆ ಆತನಿಗೆ ಸಿದ್ಧಿಸಿತು.

1950ರಲ್ಲಿ ಫಿಲಿಪ್ಸ್ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ವಿಲಿಯಂ ಬೆಲ್ ಅವರ ಶಿಷ್ಯರಾದರು. ಸರ್ಕಸ್ಸಿನ ಡೇರೆಯಿಂದ ಬಂದ ಯುವಕನನ್ನು ಫಿಲ್‌ಹಾರ್ಮೋನಿಕ್ ವೃಂದದ ಟ್ಯೂಬಾ ವಾದಕರು ಕೈಹಿಡಿದು ನಡೆಸಿದರು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕದ ರೂಢಿಯಷ್ಟೆ. ಈ ಶಿಷ್ಯ ಮಾತ್ರ ಮರೆಯಲಿಲ್ಲ. ಮುಂದೆ ಅವರು ಐದು ಹಿತ್ತಾಳೆ ವಾದ್ಯಗಳ ಗೋಷ್ಠಿಯೊಂದರ ಸ್ಥಾಪಕರಲ್ಲಿ ಒಬ್ಬರಾದರು. ಸಿಕ್ಕ ಸಿಕ್ಕ ಸಂಗೀತರಚನಕಾರರನ್ನೆಲ್ಲ ಕಾಡಿ ಬೇಡಿ ಟ್ಯೂಬಾಕ್ಕೆಂದೇ ಕೃತಿಗಳನ್ನು ಬರೆಸಿದರು. ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಅವರು ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, 1954ರಲ್ಲಿ, ಟ್ಯೂಬಾಕ್ಕಾಗಿ ಒಂದು ಕಾನ್ಸರ್ಟೋ ಬರೆದಾಗ ಹುಬ್ಬೇರಿಸಿದವರು ಅನೇಕರು. ಅಂತಹುದು ಅಪರೂಪವಾಗಬಾರದು, ದಿನವಹಿಯ ಮಾತಾಗಬೇಕು ಎಂಬುದು ಫಿಲಿಪ್ಸ್ ಅವರ ಹಟ.

1961ರಲ್ಲಿ ಬೆಲ್ ಅವರು ವೃಂದದಿಂದ ನಿವೃತ್ತರಾಗಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿಯ ಅಧ್ಯಾಪಕರಾದರು. ಅಲ್ಲಿ ಅವರ ಬಳಿ ಕಲಿತ ವಿನ್‌ಸ್ಟನ್ ಮಾರಿಸ್ ಎಂಬುವರು 1967ರಲ್ಲಿ ಟೆನೆಸಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬರಿಯ ಟ್ಯೂಬಾಗಳದೇ ಆದ ವಿದ್ಯಾರ್ಥಿ ವೃಂದವೊಂದನ್ನು ಕಟ್ಟಿದರು. 1971ರಲ್ಲಿ ಬೆಲ್ ತೀರಿಕೊಂಡರು. ಅದೇ ವರ್ಷ, ಇಂಡಿಯಾನಾದಲ್ಲಿ ಅವರು ಬಿಟ್ಟುಹೋದ ಸ್ಥಾನಕ್ಕೆ ಬಂದವರು ಹಾರ್ವಿ ಫಿಲಿಪ್ಸ್. ಗುರು ಪಾಠ ಹೇಳಿದ ಶಾಲೆಯಲ್ಲಿ ಶಿಷ್ಯ ಪಾಠ ಹೇಳತೊಡಗಿದರು. 1974ರಲ್ಲಿ ಆ ಟೆಲಿಫೋನ್ ಕರೆ ಹೊರಟದ್ದು ಈ ಹಿನ್ನೆಲೆಯಿಂದ.

ಒಂದು ಸಂಶಯ ಓದುಗರಿಗೆ ಬಂದಿರಬಹುದು. ಸತ್ತ ಸಂಗೀತಗಾರರನ್ನು ನೆನೆಯುವುದಕ್ಕೆ ಸಭಾಭವನಗಳಿಲ್ಲವೇ? ಭಾಷಣ, ಭಾವಚಿತ್ರ, ಹಾರ, ತುರಾಯಿ, ಕೊನೆಗೆ ವಂದನಾರ್ಪಣೆ, ಇಷ್ಟು ಸಾಲದೆ? ಫಿಲಿಪ್ಸ್ ಅವರು ಬೀದಿಯನ್ನು ಏಕೆ ಆರಿಸಿಕೊಂಡರೋ ಅವರಿಗೇ ಗೊತ್ತು. ನನಗೆ ತೋರುವ ಕಾರಣವಿಷ್ಟು. ಟ್ಯೂಬಾ ವಾದಕರನ್ನು ಸಭಾಭವನಕ್ಕೆ ಕರೆದರೆ ಕೇಳಲು ಬರುವವರು ಇತರ ಟ್ಯೂಬಾ ವಾದಕರೇ. ಹಬ್ಬದ ಸಾಮಾನು ಕೊಳ್ಳಲು ಹೊರಟ ತಾಯಂದಿರು, ಮಕ್ಕಳು, ಗುಮಾಸ್ತರು ನಿಂತು ಕೇಳಬೇಕು. ಯಾರು ಆ ವಾದ್ಯವನ್ನು ನೋಡಿ ನಗುತ್ತಿದ್ದರೋ ಅವರೇ ಕೇಳಬೇಕು. ಅವರು ಅಲ್ಲಿಯೂ ನಕ್ಕುಬಿಟ್ಟರೆ? ಗುರುವಿನ ಹೆಸರಿನಲ್ಲಿ ನಡೆಯುವ ಕಾರ್ಯವು ನಗೆಪಾಟಲಾದರೆ ಅದಕ್ಕಿಂತ ಅಪಚಾರವುಂಟೆ? ಮುನ್ನೂರು ಆನೆಗಳನ್ನು ಪೇಟೆಬೀದಿಗೆ ಕರೆತಂದು ಭರತನಾಟ್ಯ ಆಡಿಸುವಷ್ಟೇ ಅಪಾಯದ ಪ್ರಯೋಗವದು.

ಅಪಾಯವನ್ನು ತಪ್ಪಿಸುವ ಭಾರ ಬಿದ್ದದ್ದು ಅಲೆಕ್ ವೈಲ್ಡರ್ ಎಂಬ ರಚನಕಾರರ ಮೇಲೆ. ಜನಪ್ರಿಯ ಹಾಡುಗಳಿಗೂ ಶಾಸ್ತ್ರೀಯ ಕೃತಿಗಳಿಗೂ ಸಮನಾಗಿ ಕೈಹಾಕುತ್ತಿದ್ದ ಈ ವಿಲಕ್ಷಣ ಪ್ರತಿಭೆ ಫಿಲಿಪ್ಸ್ ಅವರ ಆತ್ಮೀಯ ಮಿತ್ರರು. ಈ ಮೊದಲೇ ಟ್ಯೂಬಾಕ್ಕೂ ಪಿಯಾನೋಗೂ ‘ಎಫಿ’ ಎಂಬ ಆನೆಯ ಕತೆಯನ್ನು ಸ್ವರಗಳಲ್ಲಿ ಹೆಣೆದುಕೊಟ್ಟಿದ್ದರು. ಎಫಿ ಕೋತಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಪ್ರೇಮದಲ್ಲಿ ಬೀಳುತ್ತದೆ, ನೃತ್ಯ ಕಲಿಯುತ್ತದೆ, ಕಡೆಗೆ ಜೋಗುಳ ಹಾಡುತ್ತದೆ. ಮಕ್ಕಳಿಗೆ ಕೇಳಿಸತಕ್ಕ ಸಂಗೀತ.

ಈಗ ಎದುರಾದ ತೊಡಕು ಬೇರೆ ಬಗೆಯದು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಅದರ ಎಡತುದಿಯಲ್ಲಿರುವ ಅಕ್ಕಪಕ್ಕದ ಮೂರು ಮನೆಗಳನ್ನು ಒಟ್ಟಿಗೆ ಒತ್ತಿ ನೋಡಿ. ಗುಡುಗಿನಂತಹ ಗೊಜ್ಜು ಹೊರಡುತ್ತದೆಯೇ ಹೊರತು ಸ್ವರ ಸ್ವರವಾಗಿ ಕೇಳಿಸದು. ಅದೇ ಬಲಗಡೆಗೆ ಬಂದು ನಡುವೆ ಎಡೆಬಿಟ್ಟು ಒತ್ತಿದರೆ ಹಿತವಾಗಿರುತ್ತದೆ. ಮಂದ್ರದಲ್ಲಿ ಸ್ವರಗಳನ್ನು ಒತ್ತೊತ್ತಾಗಿ ಇಡಬಾರದೆಂಬುದು ಪಾಶ್ಚಾತ್ಯ ಸಂಗೀತದಲ್ಲಿ ಬಾಲಪಾಠ. ಇಲ್ಲಿಯಾದರೋ ಇರುವುದೆಲ್ಲ ಮಂದ್ರವೇ! ಯೂಫೋನಿಯಂ ಎಂಬುದು ಟ್ಯೂಬಾದ ತಮ್ಮ; ಅದರ ಕೊಳವೆ ಸುಮಾರು ಒಂಬತ್ತು ಅಡಿ; ದನಿ ಗಂಡಸಿನ ಕಂಠದಂತೆ ತುಂಬಿದ, ಮೃದುವಾದ ದನಿ. ವಾದಕರಲ್ಲಿ ಯೂಫೋನಿಯಂ ಹಿಡಿದವರಿಗೆ ಮೇಲಿನ ಎರಡು ಪಂಕ್ತಿ, ಟ್ಯೂಬಾಗಳಿಗೆ ಕೆಳಗಿನ ಎರಡು ಪಂಕ್ತಿ, ಹೀಗೆ ನಾಲ್ಕು ದನಿಗಳಾಗಿ ಹಾಡುಗಳು ಹಂಚಿಕೆಯಾದವು. ರಾಗ ಮೇಲೆ ತೇಲಬೇಕು, ಕೆಳಗಿನ ಸ್ವರಗಳ ನಡುವೆ ಗಾಳಿಯಾಡಬೇಕು. ಕೇಳಿದರೆ ಸರಳ, ಮಾಡಿದವರಿಗೆ ಗೊತ್ತು ಅದರ ಕಷ್ಟ.

ಡಿಸೆಂಬರ್ 22, ಭಾನುವಾರ

ರಾಕ್‌ಫೆಲರ್ ಸೆಂಟರಿನ ಜಾರಾಟದ ಅಂಗಳ ಬೀದಿಯ ಮಟ್ಟಕ್ಕಿಂತ ಕೆಳಗಿದೆ. ನಮ್ಮ ದೇವಸ್ಥಾನದ ಕಲ್ಯಾಣಿಯಂತೆ ಎನ್ನಬಹುದು. ಒಂದು ಮಗ್ಗುಲಲ್ಲಿ ಬಂಗಾರದ ಬಣ್ಣದ ಪ್ರೊಮೀಥಿಯಸ್ ವಿಗ್ರಹ. ಅದರ ಮೇಲುಗಡೆ ಪ್ರತಿವರ್ಷ ನಿಲ್ಲಿಸುವ, ಸಾವಿರಾರು ದೀಪಗಳ ಬೃಹತ್ ಕ್ರಿಸ್ಮಸ್ ಮರ. ಸುತ್ತಲೂ ಕಟ್ಟಡಗಳ ಎತ್ತರದ ಗೋಡೆ. ಜನರು ಮೇಲಿನ ಕಟಕಟೆಗೆ ಒರಗಿ ಕೆಳಗೆ ನೋಡುತ್ತಾರೆ. ಶಬ್ದ ಕೆಳಗಿನಿಂದ ಎದ್ದು ಗೋಡೆಗಳಿಗೆ ತಾಗಿ ಮೇಲೇರುತ್ತದೆ. ಟ್ಯೂಬಾದ ಬಾಯಿ ಆಕಾಶಕ್ಕೆ ತೆರೆದಿರುವುದನ್ನು ನೆನೆದರೆ, ಆ ಸ್ಥಳವನ್ನು ಆರಿಸಿದವರ ಕಿವಿ ಎಷ್ಟು ಸೂಕ್ಷ್ಮವೆಂಬುದು ಹೊಳೆಯುತ್ತದೆ.

1974ರ ಡಿಸೆಂಬರ್ 22ರಂದು ಆ ಅಂಗಳದಲ್ಲಿ ಮುನ್ನೂರಕ್ಕೂ ಹೆಚ್ಚು ಟ್ಯೂಬಾ, ಯೂಫೋನಿಯಂ ವಾದಕರು ನೆರೆದರು. ನಿರ್ದೇಶನದ ಕೋಲು ಹಿಡಿದವರು ಪಾಲ್ ಲವಾಲ್. ‘ಬ್ಯಾಂಡ್ ಆಫ್ ಅಮೆರಿಕಾ’ ಎಂಬ ರೇಡಿಯೋ ಬ್ಯಾಂಡಿನ ನಾಯಕರಾಗಿ ಮನೆಮಾತಾಗಿದ್ದವರು. ಜನ್ಮವೆಲ್ಲ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅಂದು ಹಿಂದಿನ ಸಾಲೇ ಇರಲಿಲ್ಲ, ಇದ್ದವರೆಲ್ಲ ಅವರೇ.

ಚಳಿಗಾಲದ ಬಯಲಿನಲ್ಲಿ ಹಿತ್ತಾಳೆ ವಾದ್ಯ ನುಡಿಸುವುದು ಸುಖದ ಮಾತಲ್ಲ. ಕೊಳವೆಯೊಳಗಿನ ಗಾಳಿ ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಉಸಿರಿನ ತೇವ ಒಳಗೆ ನೀರಾಗಿ ನಿಲ್ಲುತ್ತದೆ. ಚಳಿ ಹೆಚ್ಚಾದರೆ ಅದು ಹೆಪ್ಪುಗಟ್ಟಿ ಬೆರಳೊತ್ತುವ ವಾಲ್ವುಗಳು ಕದಲದಂತಾಗುತ್ತವೆ. ತಣ್ಣಗಿನ ಲೋಹವನ್ನು ತುಟಿಗೆ ಹಚ್ಚುವುದೇ ಒಂದು ತಪಸ್ಸು. ಇನ್ನು ಮುನ್ನೂರು ಮಂದಿಯ ಶ್ರುತಿ ಕೂಡಿಸುವುದೆಂದರೆ! ನಾಲ್ಕು ತಂಬೂರಿಗಳ ಶ್ರುತಿ ಕೂಡಿಸಲು ಒದ್ದಾಡುವ ನಮ್ಮ ಸಂಗೀತ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಟ್ಯೂಬಾಗಳು ಒಮ್ಮೆಲೆ ಊದಿದರೆ ಕಿಟಕಿಯ ಗಾಜುಗಳು ಉದುರಬೇಕೆಂದು ಕೇಳದವರು ಎಣಿಸುವುದುಂಟು. ನಿಜಸಂಗತಿ ಬೇರೆ. ಟ್ಯೂಬಾದ ಕೊಳವೆ ಆರಂಭದಿಂದ ಅಂತ್ಯದವರೆಗೆ ಅಗಲವಾಗುತ್ತಲೇ ಹೋಗುವುದರಿಂದ ಅದರ ನಾದಕ್ಕೆ ತುತ್ತೂರಿಯ ಹರಿತವಿಲ್ಲ, ಕಿವಿಗೆ ಚುಚ್ಚುವ ಅಂಚಿಲ್ಲ. ಒಂದು ಮತ್ತೊಂದರಲ್ಲಿ ಕರಗಿ, ದೊಡ್ಡ ಚರ್ಚಿನ ಆರ್ಗನ್ ವಾದ್ಯ ದೂರದಿಂದ ನುಡಿದಂತೆ, ಕಾಲ ಕೆಳಗಿನ ಕಲ್ಲಿನಿಂದಲೇ ಸಂಗೀತ ಎದ್ದುಬಂದಂತೆ ಕೇಳಿಸುತ್ತದೆ. ಹಬ್ಬದ ಹಾಡುಗಳು ಅಲ್ಲಿಯ ಪ್ರತಿ ಮನೆಯ ಕೂಸಿಗೂ ಗೊತ್ತು. ಗೊತ್ತಿರುವ ಹಾಡು ಗೊತ್ತಿಲ್ಲದ ದನಿಯಲ್ಲಿ ಬಂದಾಗ ಕಿವಿ ತಾನಾಗಿಯೇ ನಿಮಿರುತ್ತದೆ. ಬೆಲ್ ಅವರ ಶಿಷ್ಯ ಹೂಡಿದ ಉಪಾಯ ಇದೇ.

ಉಪಾಯ ಫಲಿಸಿತೆನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಮ್ಮೆಗೆಂದು ಆರಂಭವಾದ ನಮನ ಮರುವರ್ಷವೂ ನಡೆಯಿತು, ಊರಿಂದ ಊರಿಗೆ ಹಬ್ಬಿತು. ‘ಟ್ಯೂಬಾಕ್ರಿಸ್ಮಸ್’ ಎಂಬ ಹೆಸರಿನಲ್ಲಿ ಇಂದು ಅಮೆರಿಕದ ನೂರಾರು ಊರುಗಳಲ್ಲಿಯೂ ಕೆಲವು ಹೊರದೇಶಗಳಲ್ಲಿಯೂ ಡಿಸೆಂಬರಿನಲ್ಲಿ ಈ ಕೂಟಗಳು ಸೇರುತ್ತವೆ. 2018ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇರಿದ ವಾದಕರು ಎಂಟುನೂರಕ್ಕೂ ಹೆಚ್ಚು. ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗಿ, ಚಳಿಗೆ ಹೆದರಿ ಮನೆಯೊಳಗೇ ಕುಳಿತಿರುವ ನಮ್ಮ ಹಿರಿಯರು ವಿಚಾರಿಸಿ ನೋಡಬಹುದು; ಸಮೀಪದ ಊರಿನಲ್ಲಿ ಒಂದು ನಡೆಯುವ ಸಂಭವ ಚೆನ್ನಾಗಿದೆ. ಶಾಲು ಮರೆಯಬೇಡಿ.

ಅಲೆಕ್ ವೈಲ್ಡರ್ 1980ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಹಿಂದಿನ ದಿನ, ತೀರಿಕೊಂಡರು. ಅವರು ಹಂಚಿಕೊಟ್ಟ ಆ ನಾಲ್ಕು ದನಿಗಳ ಹಾಡುಗಳನ್ನು ಇಂದಿಗೂ ನುಡಿಸುತ್ತಾರೆ. ಫಿಲಿಪ್ಸ್ ಅವರು 1994ರವರೆಗೆ ಇಂಡಿಯಾನಾದಲ್ಲಿ ಪಾಠ ಹೇಳಿದರು. ಅಲ್ಲಿ ತಮ್ಮ ತೋಟದ ಮನೆಗೆ ‘ಟ್ಯೂಬಾ ರಾಂಚ್’ ಎಂದೇ ಹೆಸರಿಟ್ಟಿದ್ದರು. ಅಕ್ಟೋಬರ್ ತಿಂಗಳಲ್ಲಿ ವಿದ್ಯಾರ್ಥಿಗಳ ಕಛೇರಿಗಳ ಸಾಲನ್ನೇ ಏರ್ಪಡಿಸಿ ಅದಕ್ಕೂ ಒಂದು ವಿನೋದದ ಹೆಸರು ಕಟ್ಟಿದ್ದರು. 2010ರ ಅಕ್ಟೋಬರಿನಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರೂ ಗುರುವಿನ ಹಾದಿ ಹಿಡಿದರು.

ಕೂಟದ ಕ್ರಮ ಈಗಲೂ ಸರಳ. ಟ್ಯೂಬಾ, ಯೂಫೋನಿಯಂ, ಸೂಸಾಫೋನ್, ಅಟ್ಟದಿಂದ ಇಳಿಸಿದ ತಾತನ ಕಾಲದ ಹೆಲಿಕಾನ್, ಆ ವಂಶದ ವಾದ್ಯ ಯಾವುದಿದ್ದರೂ ಸರಿ. ಬಂದು ಹೆಸರು ಬರೆಸಬೇಕು. ಪರೀಕ್ಷೆಯಿಲ್ಲ, ಆಯ್ಕೆಯಿಲ್ಲ. ವೃಂದಗಳಲ್ಲಿ ನುಡಿಸುವ ವಿದ್ವಾಂಸರ ಪಕ್ಕದಲ್ಲಿ ಈಗತಾನೆ ಬಾಯಿ ಹಚ್ಚಲು ಕಲಿತ ಶಾಲೆಯ ಹುಡುಗಿ ಕುಳಿತಿರುತ್ತಾಳೆ. ವಾದ್ಯಗಳಿಗೆ ಬಣ್ಣದ ದೀಪದ ಸರ, ಜರಿಯ ಹಾರ. ಕೆಲವದರ ಬಾಯಿಗೆ ಹಬ್ಬದ ಹಸಿರು ತೋರಣ. ಒಂದೇ ಒಂದು ಅಭ್ಯಾಸ, ಅದೂ ಅದೇ ದಿನ. ಆಮೇಲೆ ಕಛೇರಿ, ಜನರೂ ದನಿಗೂಡಿಸುತ್ತಾರೆ. ನಡುವೆ ನಿರ್ದೇಶಕರು ಕೋಲು ಕೆಳಗಿಟ್ಟು ವಿಲಿಯಂ ಬೆಲ್ ಯಾರೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳುವುದುಂಟು. ಬಹಳ ಕಡೆಗಳಲ್ಲಿ, ನುಡಿಸುವವರಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಎಲ್ಲರಿಗಿಂತ ಚಿಕ್ಕವರು ಯಾರು ಎಂದು ವಿಚಾರಿಸಿ ಇಬ್ಬರನ್ನೂ ಎದ್ದು ನಿಲ್ಲಿಸುತ್ತಾರೆ. ಚಿಕ್ಕ ಮಗು ವಾದ್ಯದ ಹಿಂದೆ ಮರೆಯಾಗಿದ್ದರೆ ಪಕ್ಕದವರು ಅದನ್ನು ಎತ್ತಿ ಹಿಡಿಯುತ್ತಾರೆ. ಚಪ್ಪಾಳೆ ನಿಂತ ಮೇಲೆ ಮುಂದಿನ ಹಾಡು.